ನೆತ್ತಿ ಮೇಲೆ ನಕ್ಷತ್ರ ಇದ್ರೂ ಎಲ್ಲರನ್ನೂ ಯಾಕೆ ಎಬ್ಬಿಸಿ ಕಳಿಸಿದ್ರು?

ಓದುಗರೊಬ್ಬರ ಪ್ರಶ್ನೆ, ಉದ್ದ ಇತ್ತು, ಸ್ವಲ್ಪ ಮೊಟಕು ಮಾಡಿದೀನಿ:

"ನಾವು ಶಿಕಾಗೋ ಸಬರ್ಬಲ್ಲಿ ಇರೋದು. ಶಿವಮೊಗ್ಗದಿಂದ ಅತ್ತೆ ಮಾವ ಬಂದಿದ್ರು ಅಂತ ಜುಲೈ ನಾಲ್ಕರ, ಅಂದ್ರೆ ಇಲ್ಲಿನ ಸ್ವಾತಂತ್ರ್ಯ ದಿನದ, ಲಾಂಗ್ ವೀಕೆಂಡಿಗೆ ಲೇಕ್ ಮಿಶಿಗನ್ ಆಚೆ ದಡದಲ್ಲಿ, ಅಂದ್ರೆ ಮಿಶಿಗನ್ ಸ್ಟೇಟ್ ಕಡೆ, ಮೂರು ದಿನಕ್ಕೆ ಒಂದು ಮನೆ ಬಾಡಿಗೆಗೆ ತಗೊಂಡಿದ್ವಿ. ಶನಿವಾರ ಬೆಳಿಗ್ಗೆ ಜೋರು ಗುಡುಗು ಮಳೆ, ಹನ್ನೆರಡಕ್ಕೆಲ್ಲ ನಿಂತು ಬಿಸಿಲು ಬಂತು. ಬೀಚಿಗೆ ಹೋದ್ರೆ ಕೆಂಪು ಬಾವುಟ ಹಾಕಿ ನೀರಿಗೆ ಇಳೀಬೇಡಿ ಅಂದ್ರು, ನೀರು ನೋಡಿದ್ರೆ ಕೆರೆ ಥರ ಸುಮ್ಮನಿತ್ತು, ನಮ್ಮನೆಯವರು ಜಗಳಾನೇ ಮಾಡಿದ್ರು. ರಾತ್ರಿ ಫೈರ್‌ವರ್ಕ್ಸ್ ನೋಡೋಕೆ ಮೈದಾನದಲ್ಲಿ ಚಾಪೆ ಹಾಸ್ಕೊಂಡು ಕೂತಿದ್ವಿ. ಬೆಳಿಗ್ಗೆ ಶಿಕಾಗೋ ಟಿವಿಯಲ್ಲಿ ಒಂಬತ್ತು, ಒಂಬತ್ತೂವರೆಗೆ ಮತ್ತೆ ಮಳೆ ಲೇಕ್ ದಾಟತ್ತೆ ಅಂದಿದ್ರು, ಆ ಟೈಮ್ ಕಳೆದ್ರೂ ಏನೂ ಇಲ್ಲ, ಬಚಾವಾದ್ವಿ ಅಂದ್ಕೊಂಡ್ವಿ. ಹತ್ತು ಗಂಟೆಗೆ ಮೈಕಲ್ಲಿ ಎಲ್ಲರೂ ಕಾರಿಗೆ ಹೋಗಿ ಅಂತ ಅನೌನ್ಸ್ ಮಾಡಿದ್ರು. ಒಂದು ಹನಿ ಇಲ್ಲ, ಗುಡುಗಿಲ್ಲ, ತಲೆ ಮೇಲೆ ನಕ್ಷತ್ರ. ನಮ್ಮತ್ತೆ ಸಿಡಿಲು ಬಂದಾಗ ಕಬ್ಬಿಣದ ಡಬ್ಬಿ ಒಳಗೆ ಕೂರ್ತಾರಾ ಅಂತ ಕಾರಿಗೆ ಬರೋಕೇ ಒಪ್ಪಲಿಲ್ಲ, ಹಂಗಾಗಿ ಎಲ್ಲರೂ ಪಿಕ್‌ನಿಕ್ ಶೆಲ್ಟರ್ ಕೆಳಗೆ ನಿಂತ್ವಿ. ಇಪ್ಪತ್ತು ನಿಮಿಷಕ್ಕೆ ಅದೆಲ್ಲಿಂದ ಬಂತೋ ಗಾಳಿ, ಚಾಪೆ, ಪುಳಿಯೋಗರೆ ಡಬ್ಬಿ ಎಲ್ಲ ಹಾರ್ಕೊಂಡು ಹೋಯ್ತು, ಆಮೇಲೆ ಆಲಿಕಲ್ಲು. ರಾತ್ರಿಯೆಲ್ಲ ಕರೆಂಟಿಲ್ಲ. ಭಾನುವಾರಕ್ಕೆ ಮುಂದೂಡಿದ ಫೈರ್‌ವರ್ಕ್ಸ್ ನೋಡಿದ್ವಿ, ಮಾವನಿಗೆ ಹೊಗೆಗೆ ಕೆಮ್ಮು ಶುರುವಾಯ್ತು, ಮಗ ಸುರ್‌ಸುರ್ ಬತ್ತಿಯಲ್ಲಿ ಬೆರಳು ಸುಟ್ಕೊಂಡ. ನಾವು ಎಲ್ಲೆಲ್ಲಿ ತಪ್ಪು ಮಾಡಿದ್ವಿ? ಅಷ್ಟು ಬೇಗ ಓಡಿಸೋ ಅಗತ್ಯ ಇತ್ತಾ? ಮಗ ಇನ್ನೂ ಕೇಳ್ತಿದಾನೆ, ಪಟಾಕಿ ಹೊಡೆದಿದ್ದಕ್ಕೇ ಮಳೆ ಬಂತಾ ಅಂತ."

ಉತ್ತರ:

ಮೇಡಂ, ನಿಮ್ಮ ಕಥೆ ಓದಿ ಒಂದು ವಿಷಯ ಗಮನಿಸಿದೆ. ನಿಮಗೆ ಅಪಾಯ ಇದ್ದ ಹೊತ್ತಲ್ಲಿ ಬಹುಪಾಲು ಮಳೆನೇ ಇರಲಿಲ್ಲ. ಬೀಚಲ್ಲಿ ಬಿಸಿಲು, ಮೈದಾನದಲ್ಲಿ ನಕ್ಷತ್ರ. ಮಳೆ ಸುರಿಯೋವಾಗ ಯಾರಿಗೂ ಹೇಳಬೇಕಾಗಿಲ್ಲ, ಎಲ್ಲರೂ ತಾವಾಗೇ ಒಳಗೆ ಓಡ್ತಾರೆ. ಜನ ಯಾಮಾರೋದು ಮಳೆಗೆ ಮುಂಚಿನ ಅರ್ಧ ಗಂಟೆ ಮತ್ತೆ ಮಳೆ ನಿಂತ ಮೇಲಿನ ಎರಡು ಮೂರು ಗಂಟೆ. ಮಿಡ್‌ವೆಸ್ಟಲ್ಲಿ ಇಷ್ಟು ವರ್ಷ ಫೋರ್ಕಾಸ್ಟ್ ಮಾಡ್ಕೊಂಡು ಬಂದವನಾಗಿ ನಾನು ಹೇಳೋದೂ ಅದನ್ನೇ ಸುತ್ತಿ ಬಳಸಿ.

ಮೊದಲು ಆ ಟಿವಿ ವಿಷಯ ಮುಗಿಸ್ತೀನಿ, ಯಾಕಂದ್ರೆ ನಗು ಬಂತು, ನಾನೂ ಒಂದ್ಸಲ ಇದೇ ಥರ ಪೆಚ್ಚಾಗಿದೀನಿ. ಶಿಕಾಗೋ ಸೆಂಟ್ರಲ್ ಟೈಮ್, ನೀವು ಹೋಗಿದ್ದ ದಡ ಈಸ್ಟರ್ನ್ ಟೈಮ್. ಶಿಕಾಗೋ ಟಿವಿಯವರ ಒಂಬತ್ತು ಅಂದ್ರೆ ನಿಮ್ಮ ಕೈಗಡಿಯಾರದಲ್ಲಿ ಹತ್ತು. ಅವರು ಹೇಳಿದ್ದು ಹೆಚ್ಚುಕಮ್ಮಿ ಸರಿಯಾಗೇ ಇತ್ತು, ಮಳೆ ಬಂದಿದ್ದು ನಿಮ್ಮ ಹತ್ತೂ ಇಪ್ಪತ್ತಕ್ಕೆ ತಾನೇ. ನೀವು ಬಚಾವಾದ್ವಿ ಅಂತ ಪುಳಿಯೋಗರೆ ಡಬ್ಬಿ ಬಿಚ್ಚಿದ ಹೊತ್ತಿಗೆ ಅದು ಲೇಕ್ ಮೇಲೆ ಅರ್ಧ ದಾರಿಯಲ್ಲಿತ್ತು. ಲೇಕ್ ಆಚೆ ಈಚೆ ಓಡಾಡೋರು ಇದೊಂದು ನೆನಪಿಟ್ಕೊಳ್ಳಿ.

ಈಗ ನಕ್ಷತ್ರದ ವಿಷಯ. ನಮ್ಮೂರ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನೆನಪಿಸ್ಕೊಳ್ಳಿ, ಮಧ್ಯಾಹ್ನ ಸೆಕೆ ಏರಿ ಮೂರು ನಾಲ್ಕು ಗಂಟೆಗೆ ಮೋಡ ಕಟ್ಟಿ, ಸಂಜೆ ಹೊಡೆದು, ರಾತ್ರಿ ಊಟದ ಹೊತ್ತಿಗೆ ಸಾಮಾನ್ಯವಾಗಿ ಮುಗಿದಿರತ್ತೆ. ಅತ್ತೆ ಮಾವನವರ ಲೆಕ್ಕದಲ್ಲಿ ಕತ್ತಲಾದ ಮೇಲೆ ಆಕಾಶ ತಿಳಿಯಾಗಿದ್ರೆ ಆ ದಿನದ ಕಥೆ ಮುಗೀತು. ಇಲ್ಲಿ ಹಂಗಲ್ಲ. ಜುಲೈಯಲ್ಲಿ ಗಲ್ಫ್ ಆಫ್ ಮೆಕ್ಸಿಕೋ ಕಡೆಯಿಂದ ತೇವ ಬರತ್ತೆ, ಅದರ ಜೊತೆ ಅಯೋವಾ, ಇಲಿನಾಯ್ ಹೊಲಗಳ ಮೆಕ್ಕೆಜೋಳನೂ ಬೆವರಿ ಸೇರಿಸತ್ತೆ, ಕತ್ತಲಾದ ಮೇಲೆ ನೆಲದಿಂದ ಸಾವಿರ ಎರಡು ಸಾವಿರ ಅಡಿ ಮೇಲೆ ದಕ್ಷಿಣದಿಂದ ಒಂದು ಜೋರು ಗಾಳಿ ಶುರುವಾಗಿ ಈ ತೇವಾನೆಲ್ಲ ಮಳೆ ಸಾಲಿಗೆ, ಅಂದ್ರೆ ಸಾಲಾಗಿ ಬರೋ ಗುಡುಗು ಮೋಡಗಳಿಗೆ, ತುಂಬ್ತಾ ಹೋಗತ್ತೆ. ಅದಕ್ಕೇ ಇಲ್ಲಿನ ದೊಡ್ಡ ಗುಡುಗು ಸಾಲುಗಳು ರಾತ್ರಿ ಬೆಳೀತವೆ, ನೂರಾರು ಮೈಲು ಓಡ್ತವೆ. ತಣ್ಣಗಿನ ಲೇಕ್ ಎಷ್ಟೋ ಸಲ ಸಣ್ಣ ಪುಟ್ಟ ಮಳೆನ ತಿಂದು ಹಾಕತ್ತೆ ನಿಜ, ಸಾಲುಗಟ್ಟಿ ಬರೋದನ್ನ ತಡೆಯೋ ತಾಕತ್ತು ಅದಕ್ಕಿಲ್ಲ.

ನೀವು ಬರೆದಿಲ್ಲ, ಆದ್ರೆ ಪಶ್ಚಿಮಕ್ಕೆ ನೀರಿನ ಅಂಚಲ್ಲಿ ಸದ್ದಿಲ್ಲದೆ ಪಳ್ ಪಳ್ ಅಂತ ಬೆಳಕು ಕಂಡಿರಬೇಕು. ಅದು ದೂರದ ಮಿಂಚು. ಗುಡುಗಿನ ಸದ್ದು ಸಾಮಾನ್ಯವಾಗಿ ಹತ್ತು ಮೈಲು, ಅಂದ್ರೆ 16 ಕಿಮೀ ದಾಟಿ ಕೇಳಲ್ಲ. ಮೋಡದ ತಲೆ 12 ಕಿಮೀ ಎತ್ತರದಲ್ಲಿರೋದ್ರಿಂದ ಬೆಳಕು ಮಾತ್ರ ನೂರು ಮೈಲಿಂದಲೂ ಕಾಣತ್ತೆ. ರಾತ್ರಿ ಹೊತ್ತು ಮೋಡ ಕಣ್ಣಿಗೆ ಬೀಳಲ್ಲ, ಕಾಣೋದು ಏನಂದ್ರೆ ನಕ್ಷತ್ರ ಇಲ್ಲದೇ ಇರೋದು, ಪಶ್ಚಿಮದಲ್ಲಿ ಕೆಳಗಿನಿಂದ ಒಂದೊಂದೇ ಆರಿ ಹೋಗ್ತಾ ಬರತ್ತೆ. ನೆತ್ತಿ ನೋಡಿದ್ರೆ ಇದು ಗೊತ್ತಾಗಲ್ಲ.

ಲೆಕ್ಕ ಹಾಕಿ. ಗಂಟೆಗೆ 80 ಕಿಮೀ ವೇಗದಲ್ಲಿ ಬರೋ ಸಾಲು, ಮೊದಲ ಗುಡುಗು ನಿಮ್ಮ ಕಿವಿಗೆ ಬೀಳೋವಾಗ 16 ಕಿಮೀ ದೂರ ಇದ್ರೆ, ನಿಮ್ಮ ಹತ್ರ ಇರೋದು 12 ನಿಮಿಷ. ಅಷ್ಟರಲ್ಲಿ ಸಾವಿರಾರು ಜನ, ಅಜ್ಜ ಅಜ್ಜಿ, ಸ್ಟ್ರೋಲರ್, ಮಡಚೋ ಕುರ್ಚಿ ಎಲ್ಲ ಎತ್ಕೊಂಡು ಪಾರ್ಕಿಂಗ್ ಲಾಟಿಗೆ ಹೋಗ್ಬೇಕು, ಒಂದು ಗೇಟು. ಅದಕ್ಕೇ ಇಂಥ ಜಾಗದವರು ಗುಡುಗು ಕೇಳೋ ತನಕ ಕಾಯದೆ ರೇಡಾರ್ ನೋಡಿ ಎಬ್ಬಿಸ್ತಾರೆ. ಸಿಡಿಲು ಮೋಡದಿಂದ ಹತ್ತು ಮೈಲು ಆಚೆ, ತಿಳಿ ಆಕಾಶದ ಕೆಳಗೂ ಹೊಡೀಬಹುದು ಅನ್ನೋದು ಇನ್ನೊಂದು ಕಾರಣ. ಮೂರನೇದು ನೀವು ಯೋಚಿಸಿರಲ್ಲ, ಪಟಾಕಿ ಹಚ್ಚೋರದ್ದು. ಸಂಜೆಗೆಲ್ಲ ಅವರು ನೂರಾರು ಶೆಲ್‌ಗಳನ್ನ, ಅಂದ್ರೆ ಆಕಾಶಕ್ಕೆ ಹಾರಿ ಸಿಡಿಯೋ ಪಟಾಕಿ ಗುಂಡುಗಳನ್ನ, ಕೊಳವೆಗಳಿಗೆ ಇಳಿಸಿ, ಒಂದೊಂದಕ್ಕೂ ಕರೆಂಟಿನ ವೈರ್ ಜೋಡಿಸಿ ಇಟ್ಟಿರ್ತಾರೆ. ಆ ವೈರಿನ ಹತ್ರ ಸಿಡಿಲು ಹೊಡೆದ್ರೆ ಬಟನ್ ಒತ್ತೋರೇ ಬೇಕಾಗಿಲ್ಲ. ಗಾಳಿ ಇನ್ನೊಂದು ತಲೆನೋವು, ಶೆಲ್ಲಿನ ಸುತ್ತಳತೆಯಲ್ಲ, ಅಡ್ಡಳತೆಯ ಒಂದೊಂದು ಇಂಚಿಗೆ 70 ಅಡಿ ಜಾಗ ಬಿಟ್ಟು ಜನರನ್ನ ಕೂರಿಸಬೇಕು ಅನ್ನೋದು ಇಲ್ಲಿ ಸಾಮಾನ್ಯ ಲೆಕ್ಕ, ಆರಿಂಚಿನ ಶೆಲ್ಲಿಗೆ 420 ಅಡಿ. ಗಾಳಿ ಜೋರಾದ್ರೆ ಈ ಲೆಕ್ಕಕ್ಕೆ ಅರ್ಥ ಇಲ್ಲ.

ಇದೇನು ಅತಿ ಎಚ್ಚರಿಕೆ ಅನ್ನೋರಿಗೆ ನಾನು 1969ರ ಜುಲೈ 4 ಹೇಳ್ತೀನಿ. ಅವತ್ತು ಸಂಜೆ ಓಹಾಯೋದ ಕ್ಲೀವ್‌ಲ್ಯಾಂಡ್ ಪಕ್ಕದ ಲೇಕ್‌ವುಡ್ ಪಾರ್ಕಲ್ಲಿ ಜನ ನಿಮ್ಮ ಹಾಗೇ ಫೈರ್‌ವರ್ಕ್ಸಿಗೆ ಕಾದು ಕೂತಿದ್ರು, ಲೇಕ್ ಈರಿಯಲ್ಲಿ ದೋಣಿಗಳು ತುಂಬಿದ್ವು. ಲೇಕ್ ಕಡೆಯಿಂದ ಒಂದೇ ಸಮ ಬಿರುಗಾಳಿ ನುಗ್ಗಿ ಪಾರ್ಕಿನ ಮರಗಳು ಜನರ ಮೇಲೇ ಬಿದ್ವು, ದೋಣಿಗಳು ಮಗುಚಿದ್ವು. ಗಾಳಿ ಮತ್ತೆ ಅದರ ಬೆನ್ನಿಗೆ ಬಂದ ಪ್ರವಾಹ ಸೇರಿ ಹತ್ತಾರು ಜನ ಸತ್ತರು. ಹೀಗೆ ನೇರ ಸಾಲಲ್ಲಿ ನೂರಾರು ಮೈಲು ಹೊಡ್ಕೊಂಡು ಹೋಗೋ ಗಾಳಿಗೆ ಡೆರೆಚೋ ಅಂತಾರೆ, ಸ್ಪ್ಯಾನಿಶಲ್ಲಿ ನೇರ ಅಂತ ಅರ್ಥ, ಅವತ್ತಿನದ್ದಕ್ಕೆ ಓಹಾಯೋ ಫೈರ್‌ವರ್ಕ್ಸ್ ಡೆರೆಚೋ ಅಂತಲೇ ಹೆಸರು ಉಳ್ಕೊಂಡಿದೆ. ನಿಮ್ಮ ಡಬ್ಬಿ ಹಾರಿಸಿದ್ದೂ ಆ ಜಾತಿಯ ಗಾಳಿನೇ, ಚಿಕ್ಕಪ್ಪನ ಮಗ ಅನ್ನಿ. ಮೋಡದಿಂದ ಮಳೆ ಜೊತೆ ತಣ್ಣಗಿನ ಗಾಳಿ ಧಡಾರಂತ ಕೆಳಗೆ ಬಿದ್ದು, ನೆಲಕ್ಕೆ ತಾಗಿ ಮುಂದಕ್ಕೆ ಹರಡತ್ತೆ, ಮಳೆಗಿಂತ ಮುಂಚೆ ಬಂದು ಮುಟ್ಟತ್ತೆ. ಸೆಕೆಯಲ್ಲಿ ಕೂತಿದ್ದಾಗ ಇದ್ದಕ್ಕಿದ್ದ ಹಾಗೆ ಫ್ರಿಜ್ ಬಾಗಿಲು ತೆಗೆದ ಹಾಗೆ ತಣ್ಣಗಾದ್ರೆ ಸಾಮಾನು ಜೋಡಿಸ್ತಾ ಕೂರೋ ಟೈಮ್ ಅಲ್ಲ ಅದು.

ಅತ್ತೆಯವರ ಕಬ್ಬಿಣದ ಡಬ್ಬಿಗೆ ಬರ್ತೀನಿ. ಅವರನ್ನ ನಾನು ಬೈಯಲ್ಲ, ನಮ್ಮಜ್ಜಿನೂ ಸಿಡಿಲು ಬಂದ್ರೆ ಕತ್ತಿ ಅಂಗಳಕ್ಕೆ ಎಸೆದು, ಜಗಲಿಯಲ್ಲಿ ಕೂತು ಅರ್ಜುನ ಫಲ್ಗುಣ ಪಾರ್ಥ ಕಿರೀಟಿ ಅಂತ ಶುರು ಹಚ್ಕೊಳ್ಳೋರು, ಕಬ್ಬಿಣ ಸಿಡಿಲನ್ನ ಎಳೀತದೆ ಅನ್ನೋದು ನಮ್ಮ ತಲೆಯಲ್ಲಿ ಅಷ್ಟು ಗಟ್ಟಿ. ಆದ್ರೆ ಕಾರಿನ ವಿಷಯದಲ್ಲಿ ಆ ಕಬ್ಬಿಣನೇ ಕಾಪಾಡೋದು. ಸಿಡಿಲು ಹೊಡೆದ್ರೆ ಕರೆಂಟು ಕಾರಿನ ಹೊರ ತಗಡಿನ ಮೇಲೇ ಹರಿದು ನೆಲಕ್ಕೆ ಇಳಿಯತ್ತೆ, ಒಳಗೆ ಕೂತೋರಿಗೆ ತಾಗಲ್ಲ, ಕಿಟಕಿ ಏರಿಸಿ ಲೋಹದ ಭಾಗ ಮುಟ್ಟದೆ ಕೂತ್ರೆ ಸಾಕು. ರಬ್ಬರ್ ಟೈರ್ ಕಾಪಾಡತ್ತೆ ಅನ್ನೋದು ಸುಳ್ಳು. ಮೈಲುಗಟ್ಟಲೆ ಗಾಳಿ ಸೀಳ್ಕೊಂಡು ಬಂದ ಸಿಡಿಲಿಗೆ ಅರ್ಧ ಅಡಿ ರಬ್ಬರ್ ಯಾವ ಲೆಕ್ಕ? ಹಂಗಾಗಿ ಗಾಲ್ಫ್ ಕಾರ್ಟ್, ಮೇಲೆ ಬಟ್ಟೆ ಹೊದಿಸಿದ ಜೀಪ್ ಇವೆಲ್ಲ ಉಪಯೋಗಕ್ಕೆ ಬರಲ್ಲ.

ಪಿಕ್‌ನಿಕ್ ಶೆಲ್ಟರ್ ಕೆಳಗೆ ನಿಂತಿದ್ದು ನಿಮ್ಮ ಇಡೀ ವೀಕೆಂಡಿನ ದೊಡ್ಡ ತಪ್ಪು, ಬೇಜಾರು ಮಾಡ್ಕೋಬೇಡಿ. ನಾಲ್ಕು ಕಂಬ, ಒಂದು ಸೂರು ಮಳೆಗೆ ಸಾಕು, ಸಿಡಿಲಿಗೆ ಅಲ್ಲ. ಮನೆ ಕಾಪಾಡೋದು ಗೋಡೆಯೊಳಗಿನ ಪೈಪು, ವೈರುಗಳಿಂದ, ಕರೆಂಟಿಗೆ ನೆಲಕ್ಕೆ ಹೋಗೋಕೆ ನಿಮ್ಮ ಮೈ ಬಿಟ್ಟು ಬೇರೆ ದಾರಿ ಸಿಗತ್ತೆ. ಅದೇ ಕಾರಣಕ್ಕೆ ಮನೆ ಒಳಗಿದ್ದಾಗ ಗುಡುಗ್ತಿದ್ರೆ ಸ್ನಾನ, ಪಾತ್ರೆ ತೊಳೆಯೋದು ಬೇಡ ಅನ್ನೋದು. ಮರದ ಕೆಳಗೆ ನಿಲ್ಲೋದು ಇನ್ನೂ ಕೆಟ್ಟದ್ದು, ಊರಲ್ಲಿ ಮರದಡಿ ಕುರಿ ಹಿಂಡು ಒಟ್ಟಿಗೆ ಸತ್ತು ಬಿದ್ದ ಸುದ್ದಿ ಪ್ರತಿ ಬೇಸಿಗೆ ಪೇಪರಲ್ಲಿ ಬರತ್ತಲ್ಲ, ಅವಕ್ಕೆಲ್ಲ ಸಿಡಿಲು ನೇರ ಹೊಡೆದಿರಲ್ಲ, ಮರಕ್ಕೆ ಹೊಡೆದು ನೆಲದಲ್ಲಿ ಹರಡಿದ ಕರೆಂಟು ಕಾಲಿಂದ ಕಾಲಿಗೆ ಹೋಗಿರತ್ತೆ. ಭಾರತದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕಿಂತ ಜಾಸ್ತಿ ಜನ ಸಿಡಿಲಿಗೆ ಸಾಯ್ತಾರೆ, ಅಮೆರಿಕಾದಲ್ಲಿ ಈಚಿನ ವರ್ಷಗಳಲ್ಲಿ ಸರಾಸರಿ ಇಪ್ಪತ್ತರ ಆಸುಪಾಸು. ಹೊಲದಲ್ಲಿ ದುಡಿಯೋರ ಸಂಖ್ಯೆ ದೊಡ್ಡ ಕಾರಣ, ಅದರ ಜೊತೆ ಮೈಕಲ್ಲಿ ಹೇಳಿದ ಕೂಡಲೇ ಜನ ಎದ್ದು ಹೋಗೋದೂ ಒಂದು ಕಾರಣ. ಕೊನೇ ಗುಡುಗು ಕೇಳಿದ ಮೇಲೆ 30 ನಿಮಿಷ ಒಳಗೇ ಇರಬೇಕು, ಪ್ರತಿ ಹೊಸ ಗುಡುಗಿಗೂ ಎಣಿಕೆ ಮತ್ತೆ ಸೊನ್ನೆಯಿಂದ. ಅತ್ತೆಯವರು ಬೇಕಾದ್ರೆ ಅರ್ಜುನನ ಹೆಸರು ಕಾರಲ್ಲಿ ಕೂತು ಹೇಳಲಿ, ಅರ್ಧ ಗಂಟೆ ಕಳೆಯೋಕೆ ಒಳ್ಳೇ ದಾರಿ.

ಬೀಚ್. ಇದರ ಬಗ್ಗೆ ನಾನು ಉದ್ದ ಬರೀತೀನಿ, ಯಾಕಂದ್ರೆ ನಿಮ್ಮನೆಯವರು ಜಗಳ ಮಾಡಿದ ಜಾಗದಿಂದ ಬಹಳ ದೂರ ಏನಿಲ್ಲ, ಅದೇ ದಡದ ವಾರೆನ್ ಡ್ಯೂನ್ಸ್ ಹತ್ರ, 2003ರ ಜುಲೈ 4ರಂದು ಏಳು ಜನ ಮುಳುಗಿ ಸತ್ತರು. ಅವತ್ತೂ ಇದೇ ಕಥೆ. ಒಂದು ಗುಡುಗು ಸಾಲು ವೇಗವಾಗಿ ಲೇಕ್ ದಾಟಿ ಹೋಗಿತ್ತು, ಆಮೇಲೆ ಬಿಸಿಲು, ಶಾಂತ, ರಜೆ ಬೇರೆ, ಜನ ನೀರಿಗಿಳಿದ್ರು. ಮಳೆ ಹೋಗಿ ಗಂಟೆಗಳಾದ ಮೇಲೆ ಸೆಳವು ಬಂದು ಎಳ್ಕೊಂಡು ಹೋಯ್ತು. ಯಾಕೆ ಅಂತ ಆಗ ಸರಿಯಾಗಿ ಅರ್ಥ ಆಗಿರಲಿಲ್ಲ, 2019ರಲ್ಲಿ ವಿಜ್ಞಾನಿಗಳು ಹಳೇ ಡೇಟಾ ಎಲ್ಲ ಕೆದಕಿ ಕಾರಣ ತೋರಿಸಿದ್ರು: ಮೀಟಿಯೋಸುನಾಮಿ, ಅಂದ್ರೆ ಭೂಕಂಪ ಅಲ್ಲ, ಹವೆ ಎಬ್ಬಿಸೋ ಉದ್ದ ಅಲೆ, ಹೆಚ್ಚುಕಮ್ಮಿ ಒಂದಡಿ ಎತ್ತರದ್ದು.

ಒಂದಡಿ ಅಲೆ ಅಂತ ನಗಬೇಡಿ. ಗುಡುಗು ಸಾಲಿನ ಮುಂದೆ ಗಾಳಿಯ ಒತ್ತಡ ಒಂದೇ ಸಲ ಏರತ್ತೆ, ಅದು ಕೆಳಗಿನ ನೀರನ್ನ ಅಂಗೈಯಲ್ಲಿ ಅದುಮಿದ ಹಾಗೆ ಒತ್ತತ್ತೆ. ಆ ಅಂಗೈ ಓಡೋ ವೇಗ, ನೀರಲ್ಲಿ ಉದ್ದ ಅಲೆ ಓಡೋ ವೇಗ ಎರಡೂ ಹೊಂದ್ಕೊಂಡ್ರೆ ಉಯ್ಯಾಲೆಗೆ ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಅಲೆ ಬೆಳೀತಾ ಹೋಗತ್ತೆ. ಎಂಬತ್ತು ಮೀಟರ್ ಆಳದ ನೀರಲ್ಲಿ ಅಂಥ ಅಲೆಯ ವೇಗ ಗಂಟೆಗೆ ಸುಮಾರು 100 ಕಿಮೀ, ಗುಡುಗು ಸಾಲುಗಳೂ ಓಡೋದು ಅದರ ಆಸುಪಾಸಲ್ಲೇ. ಮಳೆ ಮುಂದಕ್ಕೆ ಹೋಗಿಬಿಡತ್ತೆ, ಅಲೆ ಮಾತ್ರ ತಟ್ಟೆಯಲ್ಲಿ ನೀರು ತುಳುಕಿದ ಹಾಗೆ ಆ ದಡ ಈ ದಡ ಅಂತ ಹೊಯ್ದಾಡ್ತಾ ಇರತ್ತೆ. 1954ರ ಜೂನ್ 26ಕ್ಕೆ ಶಿಕಾಗೋದ ಮಾಂಟ್ರೋಸ್ ಹಾರ್ಬರಲ್ಲಿ ಮೀನು ಹಿಡೀತಿದ್ದ ಎಂಟು ಜನರನ್ನ ಕೊಚ್ಕೊಂಡು ಹೋಗಿದ್ದು ಹೀಗೆ ಎದುರು ದಡಕ್ಕೆ ಹೊಡೆದು ವಾಪಸ್ ಬಂದ ಅಲೆ. ನೀರು ಏರಿ ಇಳಿಯೋವಾಗ, ದಡದ ಹತ್ರ ಮರಳ ದಿಣ್ಣೆಗಳ ಸಂದಿಯಿಂದ ಎಲ್ಲ ಒಟ್ಟಿಗೆ ವಾಪಸ್ ನುಗ್ಗತ್ತೆ, ಅದೇ ಸೆಳವು. ಮೇಲಿಂದ ನೋಡಿದ್ರೆ ಆ ಜಾಗನೇ ಅಲೆ ಕಮ್ಮಿ ಇರೋ, ಮಕ್ಕಳನ್ನ ಬಿಡೋಕೆ ಸರಿಯಾದ ಜಾಗ ಅನ್ನಿಸತ್ತೆ.

ಮಿಶಿಗನ್ ಸ್ಟೇಟ್ ಪಾರ್ಕ್ ಬೀಚುಗಳಲ್ಲಿ ಲೈಫ್‌ಗಾರ್ಡ್ ಇರಲ್ಲ, ಬಾವುಟನೇ ಎಲ್ಲ. ಎರಡು ಕೆಂಪು ಬಾವುಟ ಒಟ್ಟಿಗೆ ಹಾಕಿದ್ರೆ ನೀರಿಗೆ ಇಳಿಯೋ ಹಾಗೇ ಇಲ್ಲ. ಯಾರಾದ್ರೂ ಸೆಳವಿಗೆ ಸಿಕ್ಕಿದ್ರೆ ದಡದ ಕಡೆ ಈಜಿ ಸುಸ್ತಾಗಬಾರದು, ಅಂಗಾತ ತೇಲ್ಬೇಕು, ಎಳೆತ ಸಡಿಲ ಆದ ಮೇಲೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ ಹೊರಗೆ ಬರಬೇಕು. ನಿಮ್ಮನೆಯವರಿಗೆ ಈ ಪ್ಯಾರಾ ಓದಿಸಿ.

ಫೋನ್ ಯಾಕೆ ಕಿರುಚಲಿಲ್ಲ ಅಂತ ನೀವು ಕೇಳಿಲ್ಲ, ಕೇಳಬೇಕಿತ್ತು. ಇಲ್ಲಿನ ಹವಾಮಾನ ಇಲಾಖೆಯವರ ಎಚ್ಚರಿಕೆಯಲ್ಲಿ ವಾಚ್ ಅಂದ್ರೆ ಒಗ್ಗರಣೆಗೆ ಸಾಮಾನು ಜೋಡಿಸಿಟ್ಟಿದೆ ಅಂತ, ವಾರ್ನಿಂಗ್ ಅಂದ್ರೆ ಸಾಸಿವೆ ಸಿಡೀತಿದೆ ಅಂತ. ಗಾಳಿ ಗಂಟೆಗೆ 58 ಮೈಲು ಅಥವಾ ಆಲಿಕಲ್ಲು ಒಂದು ಇಂಚು ಮುಟ್ಟೋ ಹಾಗಿದ್ರೆ ಸಿವಿಯರ್ ಥಂಡರ್‌ಸ್ಟಾರ್ಮ್ ವಾರ್ನಿಂಗ್ ಕೊಡ್ತಾರೆ. ಆದ್ರೆ ಎಲ್ಲರ ಫೋನೂ ತಾನಾಗೇ ಕೂಗೋದು 2021ರಿಂದ ಈಚೆಗೆ 80 ಮೈಲು ಗಾಳಿ ಅಥವಾ ಬೇಸ್‌ಬಾಲ್ ಗಾತ್ರದ ಆಲಿಕಲ್ಲು ಅಂದಾಗ ಮಾತ್ರ. ಅದಕ್ಕಿಂತ ಕಮ್ಮಿ ಇದ್ರೆ ನೀವೇ ಆ್ಯಪ್ ಹಾಕ್ಕೊಂಡು ಆ ಊರಿನ ಅಲರ್ಟ್ ಆನ್ ಮಾಡ್ಕೋಬೇಕು, ಮನೆ ಊರಿನದ್ದಲ್ಲ, ನೀವು ಇರೋ ಊರಿನದ್ದು. ಟೊರ್ನಾಡೋ, ದೊಡ್ಡ ಫ್ಲ್ಯಾಶ್ ಫ್ಲಡ್ ವಾರ್ನಿಂಗಿಗೆ ಫೋನ್ ಕೂಗತ್ತೆ, ಸೈಲೆಂಟಲ್ಲಿ ಅಥವಾ ದಿಂಬಿನ ಕೆಳಗೆ ಇಟ್ಟು ಮಲಗಿರಬಾರದು ಅಷ್ಟೇ. 2025ರ ಜುಲೈ 4ರ ನಸುಕಲ್ಲಿ ಟೆಕ್ಸಾಸ್‌ನ ಗ್ವಾಡಲೂಪೆ ನದಿ 45 ನಿಮಿಷಕ್ಕೆ ಸುಮಾರು 26 ಅಡಿ ಏರಿತು, ಆ ಪ್ರವಾಹದಲ್ಲಿ 130ಕ್ಕಿಂತ ಜಾಸ್ತಿ ಜನ ಹೋದ್ರು, ಅದರಲ್ಲಿ ಸಮ್ಮರ್ ಕ್ಯಾಂಪಿಗೆ ಬಂದಿದ್ದ ಪುಟ್ಟ ಹುಡುಗಿಯರೂ ಇದ್ರು. ರಜೆಗೆ ಅಂತ ನದಿ ಪಕ್ಕ ಮನೆ ಹಿಡಿಯೋರು ರಾತ್ರಿ ಯಾರಾದ್ರೂ ಒಬ್ಬರ ಫೋನ್ ಸದ್ದು ಜೋರು ಇಟ್ಟಿರಲೇಬೇಕು.

ಕರೆಂಟ್ ಹೋಗಿದ್ದಕ್ಕೆ ಒಂದೇ ಮಾತು, ಬಾಗಿಲು ತೆಗೀದೇ ಇದ್ರೆ ಫ್ರಿಜ್ ನಾಲ್ಕು ಗಂಟೆ ತಡ್ಕೊಳತ್ತೆ. ರಾತ್ರಿಯೆಲ್ಲ ಇಲ್ಲ ಅಂದ್ರೆ ಹಾಲು, ಮೊಸರನ್ನ, ಚಿಕನ್ ಎಸೆದುಬಿಡಿ. ದೋಸೆ ಹಿಟ್ಟು ಒಯ್ದಿದ್ರೆ ಅದು ತಾನೇ ಉಕ್ಕಿ ಹೊರಗೆ ಬಂದು ಹೇಳಿರತ್ತೆ.

ಮಾವನವರ ಕೆಮ್ಮಿಗೆ ಭಾನುವಾರದ ಒಳ್ಳೇ ಹವೆಯೇ ಕಾರಣ ಇರಬಹುದು. ಗಾಳಿ ಬಿದ್ದುಹೋದ ತಿಳಿ ರಾತ್ರಿ ನೆಲದ ಹತ್ರದ ಗಾಳಿ ತಣ್ಣಗಾಗಿ ಮೇಲೆ ಮುಚ್ಚಳ ಹಾಕಿದ ಹಾಗಾಗತ್ತೆ, ಹೊಗೆ ಮೇಲೆ ಹೋಗಲ್ಲ, ಅದರ ಮೇಲೆ ನೆನೆದ ನೆಲದ ತೇವ ಬೇರೆ. ಅಮೆರಿಕಾದ 315 ಕಡೆಯ ಅಳತೆ ಒಟ್ಟು ಹಾಕಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಜುಲೈ 4ರ ಸಂಜೆಯಿಂದ ಇಪ್ಪತ್ನಾಲ್ಕು ಗಂಟೆ ಗಾಳಿಯಲ್ಲಿನ ಸಣ್ಣ ಧೂಳು ಸರಾಸರಿ 42% ಜಾಸ್ತಿ, ರಾತ್ರಿ ಒಂಬತ್ತರಿಂದ ಹತ್ತರ ಹೊತ್ತಿಗೆ ತುತ್ತತುದಿ. ದೀಪಾವಳಿ ಮರುದಿನದ ಬೆಂಗಳೂರು ನೆನಪಿಸ್ಕೊಂಡ್ರೆ ಸಾಕು. ಹೊಗೆ ಯಾವ ಕಡೆ ಹೋಗ್ತಿದೆ ನೋಡಿ ಅದರ ವಿರುದ್ಧ ದಿಕ್ಕಲ್ಲಿ ದೂರ ಕೂರಿಸಿ, ಆಸ್ತಮಾ ಇದ್ರೆ ಕಾರಿನ ಗಾಜು ಏರಿಸಿ ಒಳಗಿಂದಲೇ ತೋರಿಸಿ, ಇನ್ಹೇಲರ್ ಜೇಬಲ್ಲಿರಲಿ. ಊರಿಗೆ ಹೋದ ಮೇಲೂ ಕೆಮ್ಮು ಇದ್ರೆ ಡಾಕ್ಟರಿಗೆ ತೋರಿಸಿ, ಅದು ನನ್ನ ಕೆಲಸ ಅಲ್ಲ.

ಬೆರಳು ಸುಟ್ಟಿದ್ದೂ ನನ್ನ ವಿಷಯ ಅಲ್ಲ, ಆದ್ರೂ ಎರಡು ಮಾತು. ಸುರ್‌ಸುರ್ ಬತ್ತಿ ಮಕ್ಕಳ ಪಟಾಕಿ ಅಂತ ನಾವೆಲ್ಲ ಅಂದ್ಕೊಂಡಿದೀವಿ, ಅದು ಉರಿಯೋದು ಸಾವಿರ ಡಿಗ್ರಿ ಸೆಲ್ಸಿಯಸ್ ಮೇಲೆ, ಆರಿದ ಮೇಲೂ ತಂತಿ ಕೆಂಪಗೆ ಕಾದಿರತ್ತೆ, ಮಕ್ಕಳು ಸುಟ್ಕೊಳ್ಳೋದು ಎಷ್ಟೋ ಸಲ ಆರಿ ಹೋಗಿದೆ ಅಂತ ಹಿಡ್ಕೊಂಡಾಗಲೇ. ಪಕ್ಕದಲ್ಲಿ ಬಕೆಟ್ ನೀರಿಟ್ಟು ಮುಗಿದ ಕೂಡಲೇ ತಂತಿ ಅದರೊಳಗೆ ಅದ್ದಿಸಿ. ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ, ಟೂತ್‌ಪೇಸ್ಟ್, ತುಪ್ಪ, ಐಸ್ ಯಾವುದೂ ಬೇಡ.

ಇನ್ನು ಮಗನ ಪ್ರಶ್ನೆ. ಅವನೊಬ್ಬನೇ ಅಲ್ಲ ಹಾಗೆ ಯೋಚಿಸಿದ್ದು, ದೊಡ್ಡ ದೊಡ್ಡೋರು ಅದಕ್ಕೆ ಸರ್ಕಾರದ ದುಡ್ಡೇ ಸುರಿದಿದಾರೆ. ಯುದ್ಧ ಆದ ಕಡೆ ಫಿರಂಗಿ ಸದ್ದಿಗೆ ಮಳೆ ಬರತ್ತೆ ಅನ್ನೋ ನಂಬಿಕೆ ಮೇಲೆ 1891ರಲ್ಲಿ ರಾಬರ್ಟ್ ಡೈರನ್‌ಫೋರ್ತ್ ಅನ್ನೋರು ಅಮೆರಿಕಾ ಕಾಂಗ್ರೆಸ್ ಕೊಟ್ಟ ಹಣದಲ್ಲಿ ಟೆಕ್ಸಾಸ್‌ಗೆ ಹೋಗಿ, ಗ್ಯಾಸ್ ತುಂಬಿದ ಬಲೂನು ಹಾರಿಸಿ ಆಕಾಶದಲ್ಲೇ ಢಂ ಅನ್ನಿಸಿ ನೋಡಿದ್ರು. ನಂಬೋ ಅಂಥ ಮಳೆ ಏನೂ ಆಗಲಿಲ್ಲ. 2017ರಲ್ಲಿ ನಮ್ಮ ಕರ್ನಾಟಕದಲ್ಲಿ ವರ್ಷಧಾರೆ ಅಂತ ವಿಮಾನದಿಂದ ಮೋಡ ಬಿತ್ತನೆ ಮಾಡಿದ್ರಲ್ಲ, ಅದು ಬೇರೆ ಲೆಕ್ಕ, ಅದಕ್ಕೆ ಸದ್ದಲ್ಲ ಬೇಕಾಗಿದ್ದು, ಮೋಡದೊಳಗೆ ಹನಿ ಕಟ್ಟೋಕೆ ಸಣ್ಣ ಕಣ, ಅದೂ ಮೋಡ ಮೊದಲೇ ಇದ್ರೆ ಮಾತ್ರ. ನಿಮ್ಮ ಶನಿವಾರ ಅಂತೂ ಒಂದು ಶೆಲ್ಲೂ ಹಾರೋದಕ್ಕೆ ಮುಂಚೆನೇ ಮಳೆ ಬಂದಿತ್ತು, ಅದನ್ನೇ ಅವನಿಗೆ ಹೇಳಿ, ಪತ್ತೇದಾರನ ಥರ ಟೈಮ್ ನೋಡೋಕೆ ಹೇಳಿ, ಈಸ್ಟರ್ನ್ ಟೈಮ್.